ಭೋಂಗಾ ಕೂಗಿದರೆ ಎತ್ತ ಓಡಬೇಕು? ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ವಿಷಯ: ಡಿಸ್ಟಿಲರಿ, ಕೋಲ್ಡ್ ಸ್ಟೋರೇಜ್ ಮತ್ತು ರಾಸಾಯನಿಕ ಇಟ್ಟುಕೊಳ್ಳುವ ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಿಗೆ ಅಪಾಯದ ಮಾಹಿತಿ ಕೊಡುವ ಕುರಿತು.

ಗೌರವಪೂರ್ವಕ ನಮಸ್ಕಾರಗಳು.

ನಾನು ಘಟಪ್ರಭಾ ದಂಡೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆಯವರು ಕಬ್ಬು ಬೆಳೆಯುತ್ತಾರೆ. ನಮ್ಮ ಹೊಲದ ಬದುವಿನಿಂದ ನೋಡಿದರೆ ಸಕ್ಕರೆ ಕಾರ್ಖಾನೆಯ ಚಿಮಣಿ, ಅದರ ಪಕ್ಕದ ಡಿಸ್ಟಿಲರಿಯ ದೊಡ್ಡ ಬಿಳಿ ಟ್ಯಾಂಕುಗಳು ಕಾಣುತ್ತವೆ. ಆ ಟ್ಯಾಂಕುಗಳಲ್ಲಿ ಏನಿದೆ, ಎಷ್ಟಿದೆ, ಅದು ಸೋರಿದರೆ ಅಥವಾ ಹೊತ್ತಿಕೊಂಡರೆ ನಾವು ಏನು ಮಾಡಬೇಕು ಅಂತ ನಮ್ಮೂರಿಗೆ ಇವತ್ತಿನವರೆಗೆ ಯಾರೂ ಬಂದು ಹೇಳಿಲ್ಲ. ಅದನ್ನು ಹೇಳಿಸಿ ಅಂತ ಕೇಳುವುದಕ್ಕೇ ಈ ಪತ್ರ.

ಮೂರೂ ಜಿಲ್ಲೆಗಳಿಗೆ ಸೇರಿಸಿ ಬರೆಯಲು ಕಾರಣವಿದೆ. ಕಬ್ಬು, ಕಾರ್ಖಾನೆ, ಕೂಲಿ ಜನ, ಟ್ಯಾಂಕರು ಯಾವುದೂ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ. ವಿಷಗಾಳಿಯೂ ನಿಲ್ಲುವುದಿಲ್ಲ. 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಇಂಥ ಅಪಾಯ ಎದುರಿಸುವ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹಾಗಾಗಿ ಈ ಮಾತನ್ನು ನಿಮ್ಮ ಮುಂದೆ ಇಡದೆ ಇನ್ಯಾರ ಮುಂದೆ ಇಡಲಿ?

ಮೊದಲು ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಪಾಳಿ ಬದಲಾಗುವ ಸಮಯ ಅದಲ್ಲ. ಸುಮಾರು ಹೊತ್ತು ಕೂಗಿ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಗಂಧಕ ಸುಟ್ಟಂಥ ಘಾಟು ಊರೊಳಗೆ ಬಂತು. ಕಣ್ಣು ಉರಿಯತೊಡಗಿತು. ಮುದುಕರು, ಮಕ್ಕಳು ಕೆಮ್ಮತೊಡಗಿದರು. ಆಗ ಊರು ಮೂರು ಪಾಲಾಯಿತು. ಗಂಡ, ಮಗ ಕೆಲಸಕ್ಕೆ ಹೋಗಿದ್ದ ಮನೆಗಳ ಹೆಂಗಸರು ನೇರ ಕಾರ್ಖಾನೆ ಗೇಟಿನ ಕಡೆಗೇ ಓಡಿದರು. ಕೆಲವರು ಬಾಗಿಲು ಹಾಕಿಕೊಂಡು ಒಳಗೇ ಕೂತರು. ಇನ್ನು ಕೆಲವರು ಮಕ್ಕಳನ್ನು ಎತ್ತಿಕೊಂಡು ತಗ್ಗಿನಲ್ಲಿರುವ ಹಳ್ಳದ ಕಡೆ ಹೋದರು. ಗಂಧಕದ ಹೊಗೆ ಗಾಳಿಗಿಂತ ಭಾರ, ಅದು ತಗ್ಗಿಗೇ ಇಳಿಯುತ್ತದೆ ಅಂತ ಅವರಿಗೆ ಯಾರು ಹೇಳಿದ್ದರು?

ಗೇಟಿನಲ್ಲಿದ್ದ ಕಾವಲುಗಾರರು ಹೇಳಿದ್ದು ಒಂದೇ ಮಾತು: “ಏನೂ ಆಗಿಲ್ರೀ, ಮನಿಗೆ ಹೋಗ್ರಿ.” ಅವರಿಗೂ ಒಳಗಿನ ವಿಷಯ ಗೊತ್ತಿದ್ದಂತೆ ಕಾಣಲಿಲ್ಲ. ಊರಿನಿಂದ ಯಾರೋ ಫೋನ್ ಮಾಡಿ ಆಂಬುಲೆನ್ಸ್ ಕರೆದರು. ಅದು ಬಂದಿತಾದರೂ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಹಂಗಾಮಿನಲ್ಲಿ ನಮ್ಮ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ತೂಕದ ಕಾಟಾದಿಂದ ಹಿಡಿದು ಊರ ಅಗಸಿಯವರೆಗೆ ನಿಂತಿರುತ್ತವೆ. ಒಳಗೆ ಬರಲು ಇರುವುದು ಅದೊಂದೇ ದಾರಿ, ಹೊರಗೆ ಹೋಗಲೂ ಅದೊಂದೇ.

ಯಾರೂ ಸಾಯಲಿಲ್ಲ. ಬೆಳಗಾಗುವಷ್ಟರಲ್ಲಿ ಘಾಟು ಕರಗಿತ್ತು. ಏನು ಸೋರಿತು, ಎಷ್ಟು ಸೋರಿತು, ಯಾಕೆ ಸೋರಿತು ಅಂತ ಮಾತ್ರ ಊರಿಗೆ ಇನ್ನೂ ಗೊತ್ತಿಲ್ಲ. ಪಂಚಾಯಿತಿ ಕಚೇರಿಗೆ ಹೋಗಿ, ಅಪಘಾತವಾದರೆ ಊರಿನವರು ಏನು ಮಾಡಬೇಕು ಅನ್ನುವ ಯೋಜನೆಯ ಪ್ರತಿ ಇದೆಯಾ ಅಂತ ಕೇಳಿದೆ. ಅಂಥದ್ದೊಂದು ಇರುತ್ತದೆ ಅನ್ನುವುದೇ ಅಲ್ಲಿದ್ದವರಿಗೆ ಹೊಸ ವಿಷಯವಾಗಿತ್ತು. ಕಾರ್ಖಾನೆಯ ಆಫೀಸಿನಲ್ಲಿ ಕೇಳಿದಾಗ, ಅದು ಒಳಗಿನ ವಿಷಯ, ಹೊರಗಿನವರಿಗೆ ಕೊಡುವುದಿಲ್ಲ ಅಂದರು.

ಮರುದಿನ ಕ್ಲಾಸಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಅಕ್ಕೋರ, ಮತ್ತ ಭೋಂಗಾ ಹೊಡದ್ರ ಎತ್ತಾಗ ಓಡಬೇಕ್ರಿ?” ವಿಜ್ಞಾನ ಕಲಿಸುವವಳಾಗಿ ನಾನು ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಹೋಗಬೇಕು ಅಂತ ಹೇಳಬಲ್ಲೆ. ಆದರೆ ಒಳಗೆ ಏನಿದೆ ಅಂತಲೇ ಗೊತ್ತಿಲ್ಲದೆ ಪೂರ್ತಿ ಉತ್ತರ ಕೊಡುವುದು ಹೇಗೆ? ಯಾಕಂದರೆ ಎಲ್ಲ ಅಪಾಯಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ದಯವಿಟ್ಟು ಓದಿ. ವಿಜಯಪುರದ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿವೆ. ನಮ್ಮ ದೇಶದ ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಂಪು ಮಾಡಲು ಜಾಸ್ತಿ ಬಳಸುವುದು ಅಮೋನಿಯಾ. ಅದು ನೀರಿನಲ್ಲಿ ಬೇಗ ಕರಗುತ್ತದೆ, ಹಾಗಾಗಿ ಮೂಗು ಬಾಯಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ದೂರ ಹೋದರೆ ಎಷ್ಟೋ ಜೀವ ಉಳಿಯುತ್ತದೆ. ಕುಡಿಯುವ ನೀರು ಶುದ್ಧ ಮಾಡುವ ದೊಡ್ಡ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರ್ ಇರುತ್ತವೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಸೋರಿದಾಗ ತಗ್ಗಿಗೆ ಓಡಿದವರು ಕೆಡುತ್ತಾರೆ, ದಿಬ್ಬಕ್ಕೆ, ಮಾಳಿಗೆಗೆ ಹತ್ತಬೇಕು. ಡಿಸ್ಟಿಲರಿಯ ಸ್ಪೆಂಟ್ ವಾಶ್ (ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ಕೊಳೆ ನೀರು) ಹಾಕುವ ಬಯೋಗ್ಯಾಸ್ ಟ್ಯಾಂಕುಗಳಲ್ಲಿ ಮಿಥೇನ್ ಜೊತೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಮೊದಲು ಕೊಳೆತ ತತ್ತಿಯ ನಾತ. ಪ್ರಮಾಣ ಜಾಸ್ತಿಯಾದರೆ ಮೂಗಿಗೆ ನಾತವೇ ತಿಳಿಯುವುದಿಲ್ಲ. ವಾಸನೆ ಹೋಯಿತು ಅಂತ ಒಳಗಿಳಿದವನು ಅಲ್ಲೇ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಒಂದೇ ಟ್ಯಾಂಕಿನಲ್ಲಿ ಮೂರು ನಾಲ್ಕು ಜನ ಸಾಯುವುದು ಹೀಗೆ.

ಇನ್ನು ಎಥನಾಲ್, ಅಂದರೆ ಡಿಸ್ಟಿಲರಿಯಲ್ಲಿ ತಯಾರಾಗುವ ಆಲ್ಕೋಹಾಲ್. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಬೇಕು ಅಂತ ಕೇಂದ್ರ ಸರ್ಕಾರ ಗುರಿ ಇಟ್ಟ ಮೇಲೆ ನಮ್ಮ ಭಾಗದ ಕಾರ್ಖಾನೆಗಳ ಸ್ವರೂಪವೇ ಬದಲಾಗಿದೆ. ಹಳ್ಳಿಯವರ ಮನಸ್ಸಿನಲ್ಲಿ ಅದು ಇನ್ನೂ ಸಕ್ಕರೆ, ಕಾಕಂಬಿ ಮಾಡುವ ಜಾಗ. ವಾಸ್ತವದಲ್ಲಿ ಅದು ಲಕ್ಷಗಟ್ಟಲೆ ಲೀಟರ್ ಇಂಧನ ಇಟ್ಟುಕೊಂಡ ಜಾಗ. ಎಥನಾಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರ ಹೋಗಿ, ಅಲ್ಲೆಲ್ಲೋ ಕಿಡಿ ಸಿಕ್ಕರೆ ಹೊತ್ತಿಕೊಂಡು ಟ್ಯಾಂಕಿನವರೆಗೆ ವಾಪಸ್ ಬರಬಲ್ಲದು. ಶುದ್ಧ ಎಥನಾಲ್‌ಗೆ ಬೆಂಕಿ ತಗುಲಲು ಬೇಸಿಗೆ ಬೇಕಿಲ್ಲ, ಸುಮಾರು 13 ಡಿಗ್ರಿ ಉಷ್ಣಾಂಶದಲ್ಲೇ ಅದರ ಆವಿ ಹೊತ್ತಿಕೊಳ್ಳುತ್ತದೆ. ನಮ್ಮ ಚಳಿಗಾಲದ ರಾತ್ರಿಗಳೂ ಹೆಚ್ಚಾಗಿ ಅದಕ್ಕಿಂತ ಬೆಚ್ಚಗಿರುತ್ತವೆ. ಅದರ ಉರಿ ತಿಳಿನೀಲಿ, ಹಗಲಿನ ಬಿಸಿಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಪೆಟ್ರೋಲ್ ಬೆಂಕಿಗೆ ಹಾಕುವ ಸಾಮಾನ್ಯ ಫೋಮ್ ಇದಕ್ಕೆ ನಡೆಯುವುದಿಲ್ಲ, ಆಲ್ಕೋಹಾಲ್ ಆ ನೊರೆಯನ್ನು ಒಡೆದು ಹಾಕುತ್ತದೆ. ಅದಕ್ಕೆ ಬೇರೆಯೇ ಫೋಮ್ ಬೇಕು.

ಈಗ ಕಾರ್ಖಾನೆಯ ಕಾಂಪೌಂಡಿನ ಹೊರಗೆ ನೋಡಿ. ಕಬ್ಬು ಕಡಿಯುವ ಗ್ಯಾಂಗಿನವರು ಅಲ್ಲೇ ಜೋಪಡಿ ಹಾಕಿಕೊಂಡಿರುತ್ತಾರೆ. ಗಂಡ, ಹೆಂಡತಿ, ಎಳೆ ಮಕ್ಕಳು, ಎತ್ತು. ಸಂಜೆಗೆ ಮೂರು ಕಲ್ಲಿನ ಒಲೆ ಹಚ್ಚುತ್ತಾರೆ. ಟ್ರ್ಯಾಕ್ಟರ್ ಡ್ರೈವರ್‌ಗಳು ಸರದಿಗೆ ಕಾಯುತ್ತಾ ಬೀಡಿ ಸೇದುತ್ತಾರೆ. ಅವರ ತಪ್ಪು ಏನೂ ಇಲ್ಲ. ಕಾಂಪೌಂಡಿನ ಆ ಕಡೆ ಏನಿದೆ ಅಂತ ಅವರಿಗೆ ಯಾರೂ ಹೇಳಿಲ್ಲ ಅಷ್ಟೆ. ಆ ಗ್ಯಾಂಗಿನವರ ಹೆಸರು ನಮ್ಮೂರ ಮತದಾರರ ಪಟ್ಟಿಯಲ್ಲಿ ಇಲ್ಲ, ರೇಷನ್ ಪಟ್ಟಿಯಲ್ಲಿಯೂ ಇಲ್ಲ. ನಾಳೆ ಏನಾದರೂ ಆದರೆ ಅಲ್ಲಿ ಎಷ್ಟು ಜನ ಇದ್ದರು ಅಂತ ಲೆಕ್ಕ ಹೇಳುವವರೂ ಇರುವುದಿಲ್ಲ.

ಇದೆಲ್ಲ ಬರೀ ಹೆದರಿಕೆಯ ಮಾತು ಅನ್ನಬೇಡಿ. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಘಟಕದಲ್ಲಿ ಸ್ಫೋಟವಾಗಿ ನಾಲ್ವರು ಸತ್ತರು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದಿಂದ ದುಡಿಯಲು ಬಂದಿದ್ದ 7 ಕಾರ್ಮಿಕರು ಅದರಡಿ ಸಿಕ್ಕಿ ಸತ್ತರು. 2024ರ ಆಗಸ್ಟ್‌ನಲ್ಲಿ ಬೆಳಗಾವಿ ಹತ್ತಿರದ ನಾವಗೆಯಲ್ಲಿ ಟೇಪ್ ತಯಾರಿಸುವ ಕಾರ್ಖಾನೆಗೆ ಬೆಂಕಿ ಬಿದ್ದು ಯುವ ಕಾರ್ಮಿಕನೊಬ್ಬ ಒಳಗೇ ಸುಟ್ಟುಹೋದ. ಮೂರೂ ನಮ್ಮ ಮೂರು ಜಿಲ್ಲೆಗಳಲ್ಲೇ ಆದವು. ಇವು ಕಾಂಪೌಂಡ್ ದಾಟಿ ಊರಿಗೆ ಬರಲಿಲ್ಲ. ಬಂದಿದ್ದರೆ?

ಊರಿಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಭೋಪಾಲ್ ಇದೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಒಂದು ಟ್ಯಾಂಕಿಗೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಅನ್ನುವ ವಿಷಾನಿಲ ಊರ ಮೇಲೆ ಹರಿಯಿತು. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಟ್ಟು ಹಾಕುವ ಗೋಪುರದ ಪೈಪು ರಿಪೇರಿಗೆ ಬಿಚ್ಚಿ ಇಟ್ಟಿತ್ತು. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ಬರೆದು ಬರೆದು ಎಚ್ಚರಿಸಿದ್ದರು. ಇವೆಲ್ಲ ಬಹಳ ಸಲ ಹೇಳಿದ ವಿಷಯಗಳು. ನನ್ನನ್ನು ಹೆಚ್ಚು ಕಾಡುವುದು ಆ ರಾತ್ರಿಯ ಬೇರೆ ಎರಡು ಸಂಗತಿ. ಊರಿಗೆ ಕೇಳುವ ಸೈರನ್ ಕೂಗಿದರೂ ಸ್ವಲ್ಪ ಹೊತ್ತಿಗೇ ಅದನ್ನು ಬಂದ್ ಮಾಡಿದರು. ಸಣ್ಣಪುಟ್ಟ ಸೋರಿಕೆಗೆ ಜನ ಗಾಬರಿ ಆಗಬಾರದು ಅಂತ ಅಲ್ಲಿ ಹಾಗೆ ಪದ್ಧತಿ ಮಾಡಿಕೊಂಡಿದ್ದರು. ಇನ್ನೊಂದು, ಸಾವಿರಾರು ಜನ ಬಂದು ಬಿದ್ದ ಹಮೀದಿಯಾ ಆಸ್ಪತ್ರೆಯ ವೈದ್ಯರಿಗೆ ಯಾವ ಅನಿಲ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೆ ಏನು ಮದ್ದು ಅಂತಲೂ ಗೊತ್ತಿರಲಿಲ್ಲ.

ಮೀಥೈಲ್ ಐಸೋಸಯನೇಟ್ ನೀರಿನ ಜೊತೆ ಪ್ರತಿಕ್ರಿಯೆ ಮಾಡಿ ಒಡೆಯುತ್ತದೆ. ಮುಖಕ್ಕೆ ಒದ್ದೆ ಬಟ್ಟೆ ಹಿಡಿದುಕೊಂಡು, ಗಾಳಿಗೆ ಅಡ್ಡಲಾಗಿ ನಡೆದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು. ಗಾಳಿ ಹೋಗುವ ದಿಕ್ಕಿಗೇ ಓಡಿದವರು ಏದುಸಿರಿನಲ್ಲಿ ಇನ್ನಷ್ಟು ವಿಷ ಎಳೆದುಕೊಂಡರು. ಒಂದು ಒದ್ದೆ ಬಟ್ಟೆಯ ಮಾತು, ಸ್ವಾಮಿ. ಅದನ್ನು ಹೇಳಲು ಐದು ನಿಮಿಷ ಸಾಕಿತ್ತು. ಹೇಳದೇ ಹೋಗಿದ್ದಕ್ಕೆ 5 ಲಕ್ಷಕ್ಕೂ ಹೆಚ್ಚು ಜನರಿಗೆ ವಿಷ ತಗುಲಿತು, ಸರ್ಕಾರ ಪರಿಹಾರ ಕೊಟ್ಟ ಸಾವುಗಳ ಲೆಕ್ಕವೇ 5 ಸಾವಿರ ದಾಟಿತು. ಹೋರಾಟಗಾರರ ಲೆಕ್ಕ ಇದಕ್ಕಿಂತ ಎಷ್ಟೋ ಜಾಸ್ತಿ. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. 2010ರಲ್ಲಿ ಇಲ್ಲಿನ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆಯಾಯಿತು. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷಕಾರಿ ಕಸವನ್ನು ಅಲ್ಲಿಂದ ಪೀತಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಅಂದರೆ 40 ವರ್ಷದ ನಂತರ.

ಭೋಪಾಲ್ ಹಳೆಯದಾಯಿತು ಅಂದರೆ ವಿಶಾಖಪಟ್ಟಣವಿದೆ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಂದು ವೆಂಕಟಾಪುರಂ ಊರನ್ನು ಮುತ್ತಿತು. 12 ಜನ ಸತ್ತರು. ನಿದ್ದೆಗಣ್ಣಿನಲ್ಲಿ ಓಡುತ್ತಿದ್ದವರು ರಸ್ತೆಯಲ್ಲೇ ಕುಸಿದು ಬಿದ್ದಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆ ರಾತ್ರಿ ಎಚ್ಚರಿಸುವ ಸೈರನ್ ಕೂಗಲೇ ಇಲ್ಲ ಅಂತ ಸರ್ಕಾರ ನೇಮಿಸಿದ ಸಮಿತಿಯೇ ಹೇಳಿತು. ಭೋಪಾಲ್ ಆಗಿ 35 ವರ್ಷದ ಮೇಲೆ!

ಅಣುಸ್ಥಾವರಗಳ ಕಥೆಯಲ್ಲೂ ಇದೇ ಎಳೆ ಇದೆ. ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದಿದ್ದು 1986ರ ಏಪ್ರಿಲ್ 26ರ ನಡುರಾತ್ರಿ 1 ಗಂಟೆ 23 ನಿಮಿಷಕ್ಕೆ. ಸುಮಾರು 3 ಕಿಲೋಮೀಟರ್ ದೂರದ ಪ್ರಿಪ್ಯಾತ್ ಪಟ್ಟಣದಲ್ಲಿ ಹೆಚ್ಚೂಕಡಿಮೆ 49 ಸಾವಿರ ಜನ ಇದ್ದರು. ಅವರನ್ನು ಬಸ್ಸಿಗೆ ಹತ್ತಿಸಿದ್ದು ಮರುದಿನ ಮಧ್ಯಾಹ್ನ. ನಡುವೆ ಒಂದು ಇಡೀ ಹಗಲು ಮಕ್ಕಳು ಬೀದಿಯಲ್ಲಿ ಆಡಿಕೊಂಡಿದ್ದರು. ಹೊರದೇಶಗಳಿಗೆ ಸುದ್ದಿ ತಿಳಿದದ್ದೂ ಸ್ವೀಡನ್ನಿನ ಒಂದು ಅಣುಸ್ಥಾವರದಲ್ಲಿ ವಿಕಿರಣ ಪತ್ತೆಯಾದ ಮೇಲೆಯೇ. ವಿಕಿರಣದ ಅಯೋಡಿನ್ ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ. ಹಾಗೆ ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳ ಸಂಖ್ಯೆ ಸಾವಿರಗಟ್ಟಲೆ. ಅದೇ ಹೊತ್ತಿಗೆ ಪಕ್ಕದ ಪೋಲೆಂಡ್ ದೇಶ, ಸೋವಿಯತ್ ಸರ್ಕಾರದ ಮಾತಿಗೆ ಕಾಯದೆ, ತನ್ನ ಮಕ್ಕಳಿಗೆ ಕೆಲವೇ ದಿನಗಳಲ್ಲಿ ಅಯೋಡಿನ್ ಔಷಧ ಕುಡಿಸಿತು. ಹಾಲು ಕುಡಿಸಬೇಡಿ ಅನ್ನುವ ಒಂದು ಮಾತನ್ನು ಮೊದಲ ದಿನವೇ ಹೇಳಿದ್ದರೆ ಉಕ್ರೇನ್, ಬೆಲಾರುಸ್‌ನ ಎಷ್ಟು ಮಕ್ಕಳು ಉಳಿಯುತ್ತಿದ್ದರು!

ಜಪಾನಿನ ಫುಕುಶಿಮಾದಲ್ಲಿ ಆಗಿದ್ದು ಇನ್ನೂ ಸಂಕಟದ್ದು. 2011ರ ಮಾರ್ಚ್ 11ರ ಸುನಾಮಿಯ ನಂತರ ಸ್ಥಾವರದ ಹತ್ತಿರದ ನಾಮಿಯೆ ಊರಿನ ಜನ ತ್ಸುಶಿಮಾ ಅನ್ನುವ ಜಾಗಕ್ಕೆ ಹೋಗಿ ಆಶ್ರಯ ಪಡೆದರು. ಗಾಳಿ ವಿಕಿರಣವನ್ನು ಹೊತ್ತುಕೊಂಡು ಹೋಗಿದ್ದೂ ಅದೇ ಕಡೆಗೆ. ವಿಕಿರಣ ಯಾವ ಕಡೆ ಹೋಗುತ್ತದೆ ಅಂತ ಲೆಕ್ಕ ಹಾಕುವ ವ್ಯವಸ್ಥೆ ಸರ್ಕಾರದ ಬಳಿ ಇತ್ತು, ಲೆಕ್ಕವೂ ಬಂದಿತ್ತು. ಅದನ್ನು ಆ ಜನರಿಗೆ ಯಾರೂ ಹೇಳಲಿಲ್ಲ. ಫುತಾಬಾ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ಹಲವು ಹಿರಿಯರು ಸಾಗಿಸುವ ಗಡಿಬಿಡಿಯಲ್ಲೇ ಪ್ರಾಣ ಬಿಟ್ಟರು. ಜಪಾನಿನ ಸಂಸತ್ತು ನೇಮಿಸಿದ ಆಯೋಗ ಈ ಅಣುದುರಂತವನ್ನು ಮನುಷ್ಯರೇ ಮಾಡಿಕೊಂಡದ್ದು ಅಂತ ಕರೆಯಿತು.

ನಮ್ಮ ರಾಜ್ಯದಲ್ಲಿ ಕೈಗಾ ಇದೆ. ಖಾನಾಪುರದ ಕಾಡಿನಾಚೆ, ಕಾಳಿ ನದಿಯ ದಂಡೆಯಲ್ಲಿ. ಅಲ್ಲಿಯೂ 1994ರಲ್ಲಿ ಕಟ್ಟುವಾಗಲೇ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು. 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣ ಸೂಸುವ ಟ್ರಿಟಿಯಂ ಬೆರೆತು ಹಲವು ಕೆಲಸಗಾರರ ಮೈಸೇರಿತ್ತು. ಅಣುವಿದ್ಯುತ್ ಬೇಕೋ ಬೇಡವೋ ಅನ್ನುವ ಚರ್ಚೆ ಈ ಪತ್ರದ್ದಲ್ಲ. ಆದರೆ ಒಂದು ಮಾತು ಒಪ್ಪಬೇಕು. ಅಣುಸ್ಥಾವರದ ಸುತ್ತ 16 ಕಿಲೋಮೀಟರ್‌ವರೆಗೆ ತುರ್ತು ಯೋಜನೆ ಇರಬೇಕು, ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು ಕಾಲಕಾಲಕ್ಕೆ ತಾಲೀಮು ಆಗಬೇಕು ಅಂತ ನಿಯಮವಿದೆ, ಆ ತಾಲೀಮುಗಳು ನಡೆಯುತ್ತವೆ. ಅಲ್ಲಿನ ಜನರಿಗೆ ಸಲ್ಲುವ ಕಾಳಜಿ ಡಿಸ್ಟಿಲರಿಯ ಪಕ್ಕದಲ್ಲಿ ಮಲಗುವ ನಮಗೂ ಸಲ್ಲಬೇಕು, ಅಲ್ವಾ?

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಭೋಪಾಲ್ ಆದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 41ಬಿ ಅನ್ನುವ ಸೆಕ್ಷನ್ ಸೇರಿಸಿದರು. ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆ ತನ್ನ ಅಪಾಯಗಳನ್ನು ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ, ಸುತ್ತಲಿನ ಸಾರ್ವಜನಿಕರಿಗೆ ತಿಳಿಸಲೇಬೇಕು ಅಂತ ಅದು ಹೇಳಿತು. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆಯನ್ನು ಉಳಿಸಿಕೊಂಡಿದ್ದಾರೆ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಇನ್ನೂ ಸ್ಪಷ್ಟ. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಕಡೆ ಕಾಂಪೌಂಡಿನ ಹೊರಗಿನ ಜನರಿಗಾಗಿ ತುರ್ತು ಯೋಜನೆ ಇರಬೇಕು, ವರ್ಷಕ್ಕೊಮ್ಮೆಯಾದರೂ ಅದರ ತಾಲೀಮು ಆಗಬೇಕು. ಅಪಘಾತದ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅಂತ ಹೊರಗಿನವರಿಗೆ ಮೊದಲೇ ಹೇಳಿರಬೇಕು. ಇಟಲಿಯ ಸೆವೆಸೋದಲ್ಲಿ 1976ರಲ್ಲಿ ಡಯಾಕ್ಸಿನ್ ಸೋರಿದ ಮೇಲೆ ಯುರೋಪ್ ತಂದ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ: ಸುತ್ತಲಿನ ಜನ ಬಂದು ಕೇಳುವವರೆಗೆ ಕಾಯಬಾರದು, ತಾವಾಗಿಯೇ ಹೋಗಿ ಹೇಳಬೇಕು. ನಮ್ಮ ನಿಯಮದ ಆಶಯವೂ ಅದೇ. ನಾನು ಕೇಳಿದಾಗಲೂ ಸಿಗಲಿಲ್ಲ ಅನ್ನುವುದು ನನ್ನ ದೂರು.

ಜನರಿಗೆ ಹೇಳಿದರೆ ಸುಮ್ನೆ ಹೆದರುತ್ತಾರೆ ಅನ್ನುವ ಮಾತು ಕೇಳಿ ಕೇಳಿ ನನಗೆ ಬೇಸರವಾಗಿದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಜನರಿಗೆ ಅಪಾಯ ಹೊಸದಲ್ಲ. ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ಹಿಡಕಲ್ ಎಷ್ಟು ತುಂಬಿದೆ, ಆಲಮಟ್ಟಿಯಿಂದ ಎಷ್ಟು ಹೊರಹೋಗುತ್ತಿದೆ ಅಂತ ನಮ್ಮೂರಿನ ದನ ಕಾಯುವ ಹುಡುಗನೂ ಕ್ಯೂಸೆಕ್ ಲೆಕ್ಕದಲ್ಲಿ ಹೇಳುತ್ತಾನೆ. 2019ರ ಮಹಾಪೂರದಲ್ಲಿ ಡಂಗುರ ಸಾರಿದಿರಿ, ಗುಡಿಯ ಮೈಕಿನಲ್ಲಿ ಕೂಗಿಸಿದಿರಿ, ಕಾಳಜಿ ಕೇಂದ್ರ ತೆರೆದಿರಿ. ಜನ ಕೇಳಿದರು, ದನಕರು ಹೊಡೆದುಕೊಂಡು ದಿಬ್ಬಕ್ಕೆ ಬಂದರು. ಎಷ್ಟೋ ಜೀವ ಉಳಿದದ್ದು ಮೊದಲೇ ಹೇಳಿದ್ದರಿಂದ. ನದಿಯ ವಿಷಯದಲ್ಲಿ ನಮ್ಮ ಮೇಲೆ ಇಟ್ಟ ನಂಬಿಕೆಯನ್ನು ಟ್ಯಾಂಕಿನ ವಿಷಯದಲ್ಲೂ ಇಡಿ ಅಂತ ಕೇಳುತ್ತಿದ್ದೇನೆ. ವ್ಯವಸ್ಥೆ ನಿಮ್ಮ ಕೈಯಲ್ಲಿ ಆಗಲೇ ಇದೆ, ನೋಡಲ್ ಅಧಿಕಾರಿಗಳಿದ್ದಾರೆ, ಪಿಡಿಒಗಳಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ.

ಕಾರ್ಖಾನೆ ಮುಚ್ಚಿಸಿ ಅಂತ ನಾನು ಬರೆಯುತ್ತಿಲ್ಲ. ನಮ್ಮ ಮನೆಯ ವರ್ಷದ ಲೆಕ್ಕ ಕಬ್ಬಿನ ಬಿಲ್ಲಿನ ಮೇಲೆ ನಿಂತಿದೆ. ನನ್ನ ಎಷ್ಟೋ ಶಿಷ್ಯರು ಅಲ್ಲೇ ಕೆಲಸಕ್ಕಿದ್ದಾರೆ. ಅವರು ಜೀವಂತವಾಗಿ ಮನೆಗೆ ಬರಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ವರ್ಷ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು, ಅಪಾಯದ ವ್ಯಾಪ್ತಿಯಲ್ಲಿ ಬರುವ ಪ್ರತಿ ಹಳ್ಳಿಯಲ್ಲಿ ಗ್ರಾಮಸಭೆ ಕರೆಯಿರಿ. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಅಲ್ಲಿ ಬಂದು ನಿಲ್ಲಲಿ. ಒಳಗೆ ಏನಿದೆ, ಎಷ್ಟಿದೆ, ಏನಾಗಬಹುದು, ಆದರೆ ಯಾವ ಕಡೆ ಹೋಗಬೇಕು ಅಂತ ನಮ್ಮ ಮಾತಿನಲ್ಲಿ ಹೇಳಲಿ, ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಯೋಜನೆಯ ಕನ್ನಡ ಪ್ರತಿ ಪಂಚಾಯಿತಿಯಲ್ಲಿ ಯಾರು ಬೇಕಾದರೂ ಓದುವ ಹಾಗೆ ಇರಲಿ. ಗಡಿಭಾಗದ ಹಳ್ಳಿಗಳಿಗೆ ಮರಾಠಿಯಲ್ಲೂ, ಹೊರರಾಜ್ಯದ ಕೂಲಿಗಳಿಗೆ ಹಿಂದಿಯಲ್ಲೂ ಬೇಕು. ಓದು ಬರದವರಿಗೆ ಚಿತ್ರದ ಫಲಕ ಬೇಕು.

ಭೋಂಗಾದ ಕೂಗು ಬೇರೆ ಬೇರೆ ಆಗಬೇಕು. ಪಾಳಿಗೆ ಒಂದು, ಅಪಾಯಕ್ಕೆ ಒಂದು, ಅಪಾಯ ಕಳೆಯಿತು ಅನ್ನುವುದಕ್ಕೆ ಇನ್ನೊಂದು. ಈಗ ಎಲ್ಲವೂ ಒಂದೇ ಥರ ಕೂಗುವುದರಿಂದ ಜನ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ಕಾರ್ಖಾನೆಯ ಒಳಗಷ್ಟೇ ಅಲ್ಲ, ಊರಿನ ನೀರಿನ ಟ್ಯಾಂಕಿನ ಮೇಲೂ ಕಟ್ಟಿಸಿ. ಖರ್ಚು ಏನೂ ಇಲ್ಲ.

ರಸ್ತೆಯ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಕಬ್ಬಿನ ಗಾಡಿಗಳನ್ನು ಕಾರ್ಖಾನೆಯ ಸ್ವಂತ ಜಾಗದಲ್ಲಿ ನಿಲ್ಲಿಸಿಕೊಳ್ಳಬೇಕು, ಊರ ರಸ್ತೆಯ ಒಂದು ಬದಿ ಹಗಲೂ ರಾತ್ರಿ ಖಾಲಿ ಇರಬೇಕು ಅಂತ ಆದೇಶ ಮಾಡಿ. ಅದನ್ನು ಪಾಲಿಸುವವರೆಗೆ ನುರಿಸಲು ಬಿಡಬೇಡಿ. ಇದು ಕಠಿಣ ಅನ್ನಿಸಬಹುದು. ಆದರೆ ಆಂಬುಲೆನ್ಸ್, ಅಗ್ನಿಶಾಮಕ ವಾಹನ ಒಳಗೆ ಬರಲಾಗದಿದ್ದರೆ ಉಳಿದ ಯಾವ ಯೋಜನೆಯೂ ಕಾಗದ ಬಿಟ್ಟು ಮೇಲೇಳುವುದಿಲ್ಲ. ಡಿಸ್ಟಿಲರಿ ಇರುವ ತಾಲೂಕಿನ ಅಗ್ನಿಶಾಮಕ ಠಾಣೆಯಲ್ಲಿ ಆಲ್ಕೋಹಾಲ್ ಬೆಂಕಿಗೆ ಬೇಕಾದ ಫೋಮ್ ಸಾಕಷ್ಟು ಇದೆಯೇ ಅಂತ ನೀವೇ ಖುದ್ದಾಗಿ ನೋಡಿ ಬರಬೇಕು. 2020ರ ಆಗಸ್ಟ್ 4ರಂದು ಲೆಬನಾನ್ ದೇಶದ ಬೈರೂತ್ ಬಂದರಿನ ಗೋದಾಮಿಗೆ ಬೆಂಕಿ ಬಿದ್ದಾಗ, ಒಳಗೆ 2,750 ಟನ್ ಅಮೋನಿಯಂ ನೈಟ್ರೇಟ್ ಇದೆ ಅಂತ ಹೇಳದೆಯೇ ಅಗ್ನಿಶಾಮಕದವರನ್ನು ಕಳಿಸಿದ್ದರು. ಹೋದ ಹತ್ತು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ನಮ್ಮ ಠಾಣೆಗಳ ಹುಡುಗರೂ ಯಾರದ್ದೋ ಮನೆಯ ಮಕ್ಕಳೇ.

ಹಾಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆ ಭಾಗದ ಕಾರ್ಖಾನೆಗಳಲ್ಲಿರುವ ರಾಸಾಯನಿಕಗಳ ಪಟ್ಟಿ, ಅವುಗಳಿಗೆ ಕೊಡಬೇಕಾದ ಚಿಕಿತ್ಸೆ, ಬೇಕಾದ ಔಷಧ ಮೊದಲೇ ಸಿಕ್ಕಿರಬೇಕು. ಕಬ್ಬಿನ ಗ್ಯಾಂಗಿನವರ, ಗುತ್ತಿಗೆ ಕಾರ್ಮಿಕರ ಹೆಸರು, ಊರು, ಮನೆಯವರ ಫೋನ್ ನಂಬರ್ ಇರುವ ಪಟ್ಟಿ ಪಂಚಾಯಿತಿಯಲ್ಲೂ ಇರಬೇಕು. ಅವರ ಜೋಪಡಿಗಳಿಗೆ ಟ್ಯಾಂಕಿನಿಂದ ದೂರದಲ್ಲಿ, ನೀರು ಬೆಳಕು ಇರುವ ಜಾಗ ಕೊಡಿಸಿ.

ತಾಲೀಮು ನಡೆಸುವಾಗ ಒಂದು ವಿನಂತಿ. ಕಾರ್ಖಾನೆಯ ಒಳಗೆ ಹಗಲು ಹನ್ನೊಂದು ಗಂಟೆಗೆ ಫೋಟೊ ತೆಗೆಸಿಕೊಳ್ಳುವ ತಾಲೀಮು ನಮಗೆ ಉಪಯೋಗವಿಲ್ಲ. ಹಂಗಾಮಿನ ನಡುವೆ, ರಾತ್ರಿಯಲ್ಲಿ, ಊರಿನವರನ್ನು ಸೇರಿಸಿಕೊಂಡು ಮಾಡಿ. ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಳ್ಳುತ್ತಾರೆ, ಬಾಣಂತಿಯನ್ನು ಯಾವ ಗಾಡಿಯಲ್ಲಿ ಕೂರಿಸಬೇಕು, ದನಗಳ ಹಗ್ಗ ಯಾರು ಬಿಚ್ಚುತ್ತಾರೆ ಅನ್ನುವುದೆಲ್ಲ ಆಗಲೇ ಗೊತ್ತಾಗುವುದು. ಶಾಲೆಯ ಮಕ್ಕಳನ್ನು ನನಗೆ ಬಿಡಿ, ಅವರನ್ನು ನಾನು ತಯಾರು ಮಾಡುತ್ತೇನೆ. ನಮ್ಮ ಜಿಲ್ಲೆಗಳ ವಿಜ್ಞಾನ ಶಿಕ್ಷಕರೆಲ್ಲ ಈ ಕೆಲಸಕ್ಕೆ ಖುಷಿಯಿಂದ ಬರುತ್ತಾರೆ ಅನ್ನುವ ನಂಬಿಕೆ ನನಗಿದೆ.

ಕೊನೆಯದು. ಸಣ್ಣ ಸೋರಿಕೆಯಾದರೂ ಸರಿ, ಏನಾಯಿತು ಅಂತ ಅದೇ ದಿನ ಊರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿ. ಹೋದ ಹಂಗಾಮಿನ ಆ ರಾತ್ರಿ ನಮ್ಮೂರಿನ ಗಾಳಿಯಲ್ಲಿ ಏನಿತ್ತು ಅನ್ನುವುದಕ್ಕೆ ಇವತ್ತಿಗೂ ಉತ್ತರವಿಲ್ಲ. ಆವತ್ತಿನಿಂದ ಕೆಮ್ಮು ನಿಲ್ಲದ ಇಬ್ಬರು ವಯಸ್ಸಾದವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರಿಗೆ ಏನು ತಗುಲಿತು ಅಂತ ವೈದ್ಯರಿಗೆ ಹೇಳಲಾದರೂ ನಮಗೆ ಅದು ಗೊತ್ತಾಗಬೇಕು. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರು ಆದ ಹಾನಿಗೆ ಪೂರ್ತಿ ಹೊಣೆ, ನಾವು ಎಚ್ಚರವಾಗಿಯೇ ಇದ್ದೆವು ಅಂತ ನೆಪ ಹೇಳುವಂತಿಲ್ಲ ಅಂದಿದೆ. ಆದರೆ ಏನು ಸೋರಿತು ಅಂತಲೇ ಗೊತ್ತಿಲ್ಲದ ಬಡವರು ಯಾವ ಆಧಾರದ ಮೇಲೆ ಪರಿಹಾರ ಕೇಳಬೇಕು?

ಮುಂದಿನ ಹಂಗಾಮಿಗೆ ಬಾಯ್ಲರ್ ಪೂಜೆ ಆಗುವ ಮುಂಚೆ ಮೂರೂ ಜಿಲ್ಲೆಗಳಲ್ಲಿ ಈ ಗ್ರಾಮಸಭೆಗಳ ದಿನಾಂಕವನ್ನು ಪ್ರಕಟಿಸಬೇಕು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮೂರಿನ ಸಭೆಗೆ ಶಾಲೆಯ ಅಂಗಳ, ಮೈಕು, ಕುರ್ಚಿ ಎಲ್ಲವನ್ನೂ ನಾವೇ ಹೊಂದಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಘಟಪ್ರಭಾ ದಂಡೆಯ ಹಳ್ಳಿಯ ಒಬ್ಬ ವಿಜ್ಞಾನ ಶಿಕ್ಷಕಿ